ಅಣಬೆಯು ಶಾಕವೋ, ಔಷಧವೋ?

(ಶ್ರೀಮಠದ ಸುವರ್ಣಮಹೋತ್ಸವದ ನಿಮಿತ್ತ ಜರುಗಿದ ಆರೋಗ್ಯಗೋಷ್ಠಿಯಲ್ಲಿ ಶ್ರೀಮಠದ ಶಾಸ್ತ್ರಿಗಳು ಮಾಡಿದ ಉಪನ್ಯಾಸ)



ಈ ಮಹೋತ್ಸವದಲ್ಲಿ ಶಾಸ್ತ್ರ, ಪುರಾಣ, ಶರಣಚರಿತ್ರೆಗಳನ್ನು ಕುರಿತು ವಿದ್ವಾಂಸರು ಬಹಳ ಚೆನ್ನಾಗಿ ಮಾತನಾಡಿರುವರು. ಅಂಥ ಸಭೆಯಲ್ಲಿ ಅಣಬೆಯ ಮಾತೇಕೆ ಎಂದು ಕೆಲವರಿಗೆ ನಗೆ ಬಂದೀತು. ಆದರೆ ಶ್ರೀಮಠಕ್ಕೆ ಬರುವ ಭಕ್ತರಲ್ಲಿ ಹಲವರು ಈಚೆಗೆ ಕೈಯಲ್ಲೊಂದು ಡಬ್ಬಿಯನ್ನು ಹಿಡಿದುಕೊಂಡು ಬರುತ್ತಿರುವರು. ಅದರೊಳಗೆ ಅಣಬೆಯ ಪುಡಿ, ಇಲ್ಲವೆ ಅಣಬೆಯ ಗುಳಿಗೆ. "ಶಾಸ್ತ್ರಿಗಳ, ಇದು ಆಯುರ್ವೇದದಾಗ ಐತಂತ, ಖರೇ ಏನ್ರಿ? ನಮ್ಮ ಮಂದಿ ತಿನ್ನಬಹುದೇನ್ರಿ? ಇದರಿಂದ ಬ್ಯಾನಿ ವಾಸಿ ಆಗತೈತೇನ್ರಿ?" ಎಂದು ಕೇಳುವರು. ಪ್ರಶ್ನೆಗಳು ಮೂರು, ಮೂರೂ ನ್ಯಾಯವಾದವು. ಮೊದಲನೆಯದಕ್ಕೆ ಗ್ರಂಥಗಳಿಂದಲೂ, ಎರಡನೆಯದಕ್ಕೆ ವಸ್ತುವಿನ ಸ್ವಭಾವದಿಂದಲೂ, ಮೂರನೆಯದಕ್ಕೆ ವೈದ್ಯರ ಪರೀಕ್ಷೆಗಳಿಂದಲೂ ಉತ್ತರವನ್ನು ಹೇಳತಕ್ಕದ್ದಾಗಿದೆ. ನಾನು ವೈದ್ಯನಲ್ಲ, ಪಾಠಶಾಲೆಯಲ್ಲಿ ಓದಿದವನು. ಆದುದರಿಂದ ನನಗೆ ಸಲ್ಲುವ ಕಡೆಯಿಂದಲೇ ಮೊದಲು ಮಾಡುವೆನು.

ಸಂಸ್ಕೃತದಲ್ಲಿ ಅಣಬೆಗೆ ಛತ್ರಾಕ, ಭೂಮಿಚ್ಛತ್ರ, ಶಿಲೀಂಧ್ರ ಮೊದಲಾದ ಹೆಸರುಗಳಿವೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಇಪ್ಪತ್ತೇಳನೆಯ ಅಧ್ಯಾಯವು ಅನ್ನಪಾನವಿಧಿಯನ್ನು ಹೇಳುವದು. ಅಲ್ಲಿ ಅಣಬೆಯು ಬಂದಿರುವದು ಶಾಕವರ್ಗದಲ್ಲಿ, ಎಂದರೆ ಪಲ್ಯದ ಪಂಕ್ತಿಯಲ್ಲಿ. ಸರ್ಪಚ್ಛತ್ರಕವೆಂಬ ಜಾತಿಯನ್ನು ವರ್ಜಿಸಬೇಕೆಂದೂ, ಉಳಿದ ಅನೇಕ ಜಾತಿಗಳು ಶೀತ, ಮಧುರ, ಗುರು ಎಂದೂ, ಅವು ಪೀನಸವನ್ನು ಉಂಟುಮಾಡುವವೆಂದೂ ಚರಕನ ಅಭಿಪ್ರಾಯವು. ಪೀನಸವೆಂದರೆ ಮೂಗು ಕಟ್ಟಿ ಸುರಿಯುವ ನೆಗಡಿ. ಸುಶ್ರುತನು ತನ್ನ ಸೂತ್ರಸ್ಥಾನದ ನಾಲ್ವತ್ತಾರನೆಯ ಅಧ್ಯಾಯದಲ್ಲಿ ಇದನ್ನು ಇನ್ನೂ ಸೂಕ್ಷ್ಮವಾಗಿ ನೋಡಿರುವನು. ಹುಲ್ಲಿನಲ್ಲಿ ಹುಟ್ಟಿದ್ದು, ಕಬ್ಬಿನಲ್ಲಿ ಹುಟ್ಟಿದ್ದು, ಸಗಣಿಯಲ್ಲಿ ಹುಟ್ಟಿದ್ದು, ಬಿದಿರಿನಲ್ಲಿ ಹುಟ್ಟಿದ್ದು, ನೆಲದಲ್ಲಿ ಹುಟ್ಟಿದ್ದು ಎಂದು ಐದು ಬಗೆಯಾಗಿ ವಿಂಗಡಿಸಿ, ಹುಲ್ಲಿನಲ್ಲಿ ಹುಟ್ಟಿದ್ದನ್ನು ದೋಷಶಮನವೆಂದು ಒಪ್ಪಿಕೊಂಡು, ಬಿದಿರಿನದು ವಾತವನ್ನು ಕೆರಳಿಸುವದೆಂದು ಎಚ್ಚರಿಸಿದ್ದಾನೆ. ಅಣಬೆಯ ಗುಣವು ಅದು ಹುಟ್ಟಿದ ಆಶ್ರಯವನ್ನು ಅವಲಂಬಿಸಿರುವದೆಂಬುದು ಇದರ ತಾತ್ಪರ್ಯ. ಅವರಿಗೆ ಬಹುಕಾಲದ ತರುವಾಯ, ಹದಿನಾರನೆಯ ಶತಮಾನದಲ್ಲಿ, ಭಾವಮಿಶ್ರನು ಅಣಬೆಗಳನ್ನು ಸಂಸ್ವೇದಜ ಶಾಕವೆಂದು ಕರೆದು, ಅವು ವಾಂತಿ, ಅತಿಸಾರ, ಜ್ವರಗಳನ್ನು ತರತಕ್ಕವೆಂದೂ, ಶುಚಿಯಾದ ಸ್ಥಳದಲ್ಲಿ ಹುಟ್ಟಿದ ಬಿಳಿಯವು ಅಷ್ಟು ದೋಷಕಾರಿಗಳಲ್ಲವೆಂದೂ ಬರೆದನು.

ಈ ಮೂವರ ಮಾತುಗಳನ್ನು ಒಟ್ಟುಗೂಡಿಸಿ ನೋಡಿದರೆ ಏನು ಸಿದ್ಧವಾಗುವದು? ನಮ್ಮ ಪೂರ್ವಿಕರು ಅಣಬೆಯನ್ನು ಬಲ್ಲವರಾಗಿದ್ದರು. ಅದನ್ನು ಆಹಾರವೆಂದು ತಿಳಿದಿದ್ದರು. ಎಚ್ಚರದಿಂದ ತಿನ್ನತಕ್ಕ ಆಹಾರವೆಂದು ಹೇಳಿದರು. ಮಧುಮೇಹಕ್ಕೆ ಇದೇ ಔಷಧ, ಅರ್ಬುದಕ್ಕೆ ಇದೇ ರಾಮಬಾಣ ಎಂಬ ಮಾತು ಈ ಸ್ಥಳಗಳಲ್ಲಿ ಎಲ್ಲಿಯೂ ಇಲ್ಲ. ಡಬ್ಬಿಯಲ್ಲಿ ಬರುವ ರೀಶಿ, ಶಿಟಾಕೆ ಎಂಬ ಜಾತಿಗಳಂತೂ ಚೀನ, ಜಪಾನ ದೇಶಗಳ ವೈದ್ಯಪರಂಪರೆಯಿಂದ ಬಂದವು. ಅವರ ಪರಂಪರೆಯೂ ಹಳೆಯದು, ಗೌರವಕ್ಕೆ ತಕ್ಕದ್ದು. ಅದನ್ನು ನಾನು ಹೀಯಾಳಿಸೆನು. ಆದರೆ ಚೀನದ ವಸ್ತುವಿಗೆ ಚರಕನ ಸಾಕ್ಷಿಯನ್ನು ಕಟ್ಟಿ ಮಾರುವದು ಧರ್ಮವಲ್ಲ. ನ್ಯಾಯಶಾಸ್ತ್ರದಲ್ಲಿ ಆಪ್ತವಾಕ್ಯವೇ ಶಬ್ದಪ್ರಮಾಣವೆಂದು ಹೇಳಿದೆ. ವಿಷಯವನ್ನು ಬಲ್ಲವನೂ ಇದ್ದಂತೆ ಹೇಳುವವನೂ ಆದವನೇ ಆಪ್ತನು. ಡಬ್ಬಿಗೆ ಇಷ್ಟು ಹಣವೆಂದು ಎಣಿಸಿಕೊಳ್ಳುವವನ ಮಾತನ್ನು ಆ ಡಬ್ಬಿಯ ವಿಷಯದಲ್ಲಿ ಆಪ್ತವಾಕ್ಯವೆಂದು ಹ್ಯಾಗೆ ಸ್ವೀಕರಿಸಬೇಕು?

ಇನ್ನು ಎರಡನೆಯ ಪ್ರಶ್ನೆ. ಸಸ್ಯಾಹಾರಿಗಳಾದ ನಾವು ಇದನ್ನು ತಿನ್ನಬಹುದೋ ಬಾರದೋ? ಮನುಸ್ಮೃತಿಯು ಅಣಬೆಯನ್ನು ದ್ವಿಜರಿಗೆ ಅಭಕ್ಷ್ಯವೆಂದು ಬೆಳ್ಳುಳ್ಳಿ ಉಳ್ಳಾಗಡ್ಡಿಗಳ ಸಾಲಿನಲ್ಲಿ ಸೇರಿಸಿದೆ. ನಮ್ಮ ಮನೆಗಳಲ್ಲಿ ಉಳ್ಳಾಗಡ್ಡಿಯಿಲ್ಲದೆ ಒಗ್ಗರಣೆಯೇ ಇಲ್ಲವಾದುದರಿಂದ ಆ ನಿಷೇಧದ ಚರ್ಚೆ ನಮಗೆ ಬೇಡ. ಆದರೂ ಕೆಲವು ಮನೆತನಗಳಲ್ಲಿ ಹಿರಿಯರು ಇದನ್ನು ಒಲೆಯ ಮೇಲೇರಿಸಗೊಡುವದಿಲ್ಲ. ಮುಟ್ಟಿದರೆ ಮಾಂಸದಂತೆ ಮೆತ್ತಗಿರುವದೆಂಬುದು ಅವರ ಶಂಕೆ.

ವಸ್ತುಸ್ಥಿತಿಯನ್ನು ಕೇಳಿರಿ. ಅಣಬೆಯು ಗಿಡವಲ್ಲ, ಏಕೆಂದರೆ ಅದಕ್ಕೆ ಹಸುರಿಲ್ಲ, ಬಿಸಿಲಿನಿಂದ ಅನ್ನವನ್ನು ಮಾಡಿಕೊಳ್ಳಲಾರದು. ಪ್ರಾಣಿಯೂ ಅಲ್ಲ, ಅದಕ್ಕೆ ರಕ್ತಮಾಂಸಗಳಿಲ್ಲ, ನೋವನ್ನು ತಿಳಿಯುವ ನರಗಳಿಲ್ಲ. ಆದುದರಿಂದ ೧೯೬೯ನೆಯ ಇಸವಿಯಲ್ಲಿ ವಿಟೇಕರ್ ಎಂಬ ಅಮೇರಿಕದ ವಿಜ್ಞಾನಿಯು ಜೀವಕೋಟಿಯನ್ನು ಐದು ರಾಜ್ಯಗಳಾಗಿ ವಿಂಗಡಿಸಿದಾಗ ಶಿಲೀಂಧ್ರಗಳಿಗೆ ಬೇರೆಯೇ ಒಂದು ರಾಜ್ಯವನ್ನು ಕೊಟ್ಟನು. ನಾವು ಕಾಣುವ ಕೊಡೆಯು ಅದರ ಹಣ್ಣಿದ್ದಂತೆ. ಅದರ ನಿಜವಾದ ಶರೀರವು ಮಣ್ಣಿನಲ್ಲಿ ಅಥವಾ ಕೊಳೆತ ಕಟ್ಟಿಗೆಯಲ್ಲಿ ಹಿಂಜಿದ ಅರಳೆಯ ಎಳೆಗಳಂತೆ ಹರಡಿಕೊಂಡಿರುವದು. ಬಿದ್ದ ಎಲೆ, ಸತ್ತ ಮರಗಳನ್ನು ಕರಗಿಸಿ ಮರಳಿ ಮಣ್ಣಿಗೆ ಸೇರಿಸುವದೇ ಅನೇಕ ಅಣಬೆಗಳ ಕಾಯಕ. ಮೊದಲ ಮಳೆಗಳಾದ ಮೇಲೆ ಹುತ್ತದ ಮೇಲೆ ಏಳುವ ಅಣಬೆಯ ರೀತಿಯು ಇನ್ನೂ ಆಶ್ಚರ್ಯಕರ. ಗೆದ್ದಲುಗಳು ಹುತ್ತದೊಳಗೆ ಅದರ ತೋಟವನ್ನೇ ಮಾಡಿ, ತಾವು ತಂದ ಕಸಕಡ್ಡಿಯಿಂದ ಅದನ್ನು ಬೆಳೆಸಿ, ಅದರಿಂದಲೇ ಜೀವಿಸುವವು. ಒಕ್ಕಲುತನವು ಮನುಷ್ಯನೊಬ್ಬನ ವಿದ್ಯೆಯಲ್ಲವೆಂಬುದಕ್ಕೆ ಇದೇ ಸಾಕ್ಷಿ. ಹೀಗಿರಲು ಅಣಬೆಯನ್ನು ತಿನ್ನುವದರಿಂದ ಜೀವಹಿಂಸೆಯಾಗುವದೆಂಬ ಭಯವು ಬೇಡ. ಮನಸ್ಸೊಪ್ಪದವರು ಬಿಡಲಿ; ಒಪ್ಪಿದವರು ತಿನ್ನಲಿ; ಒಬ್ಬರನ್ನೊಬ್ಬರು ಹಳಿಯದಿರಲಿ.

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ಹಿಮಾಲಯದಲ್ಲಿ ಕೀಡಾಜಡಿಯೆಂದು ಕರೆಯುವ, ಪೇಟೆಯಲ್ಲಿ ಕಾರ್ಡಿಸೆಪ್ಸ್ ಎಂದು ಮಾರುವ ಶಿಲೀಂಧ್ರವೊಂದುಂಟು. ಅದು ನೆಲದೊಳಗಿನ ಒಂದು ಜಾತಿಯ ಪತಂಗದ ಹುಳುವಿನ ದೇಹವನ್ನು ಹೊಕ್ಕು, ಅದನ್ನು ಕೊಂದು, ಅದರ ತಲೆಯಿಂದ ಕಡ್ಡಿಯಂತೆ ಮೇಲಕ್ಕೆ ಬರುವದು. ಗುಡ್ಡದಿಂದ ಕಿತ್ತುತಂದ ಕೀಡಾಜಡಿಯಲ್ಲಿ ಹುಳುವೂ ಕೂಡಿಯೇ ಇರುವದು. ಈಗ ಅದರ ಬಂಧುವಾದ ಬೇರೊಂದು ಜಾತಿಯನ್ನು ಅಕ್ಕಿಯ ಮೇಲೆಯೂ ಬೆಳೆಯುವರು, ರೇಶಿಮೆಯ ಹುಳುವಿನ ಕೋಶದ ಮೇಲೆಯೂ ಬೆಳೆಯುವರು. ಲಿಂಗಾರ್ಪಿತವಿಲ್ಲದೆ ಏನನ್ನೂ ಸ್ವೀಕರಿಸದ ಭಕ್ತರು ಡಬ್ಬಿಯೊಳಗಿನದು ಯಾವುದರ ಮೇಲೆ ಬೆಳೆದದ್ದೆಂದು ಕೇಳಿ ತಿಳಿಯುವದು ಅವಶ್ಯ.

ಮೂರನೆಯ ಪ್ರಶ್ನೆಯೇ ಎಲ್ಲಕ್ಕೂ ದೊಡ್ಡದು: ರೋಗ ವಾಸಿಯಾಗುವದೇ?

ಶಿಲೀಂಧ್ರಗಳಿಂದ ಔಷಧಗಳು ಹುಟ್ಟಿರುವದು ನಿಜ. ೧೯೨೮ನೆಯ ಇಸವಿಯಲ್ಲಿ ಲಂಡನ್ನಿನ ಫ್ಲೆಮಿಂಗ್ ಪಂಡಿತನು ಒಂದು ಬೂಷ್ಟಿನಿಂದ ಪೆನಿಸಿಲಿನ್ ಎಂಬ ದ್ರವ್ಯವನ್ನು ಕಂಡನು. ಆದರೆ ಅದು ಆಕ್ಸ್‌ಫರ್ಡಿನ ವಿದ್ವಾಂಸರ ಕೈಯಲ್ಲಿ ಶುದ್ಧವಾಗಿ ರೋಗಿಯ ಮೈಯನ್ನು ಸೇರಿದ್ದು ೧೯೪೧ರಲ್ಲಿ. ರಕ್ತದೊಳಗಿನ ಕೊಬ್ಬನ್ನು ಇಳಿಸುವ ಲೊವಾಸ್ಟಾಟಿನ್ ಎಂಬುದೂ, ಬೇರೊಬ್ಬರ ಮೂತ್ರಪಿಂಡವನ್ನು ಜೋಡಿಸಿದಾಗ ಶರೀರವು ಅದನ್ನು ತಿರಸ್ಕರಿಸದಂತೆ ಕೊಡುವ ಸೈಕ್ಲೊಸ್ಪೋರಿನ್ ಎಂಬುದೂ ಶಿಲೀಂಧ್ರಗಳಿಂದ ಬಂದವೇ. ಜಪಾನದಲ್ಲಿ ಮರದ ಮೇಲೆ ಬೆಳೆಯುವ ಒಂದು ಅಣಬೆಯ ಸತ್ವವನ್ನು ತೆಗೆದು ೧೯೭೭ರಿಂದ ಅರ್ಬುದರೋಗಿಗಳಿಗೆ ಕೊಡತೊಡಗಿದರು. ಅದನ್ನಾದರೂ ಶಸ್ತ್ರಕ್ರಿಯೆ ಮತ್ತು ಇತರ ಔಷಧಗಳ ಜೊತೆಯಲ್ಲಿ ಕೊಟ್ಟರೇ ಹೊರತು ಅವುಗಳ ಬದಲಿಗೆ ಕೊಡಲಿಲ್ಲ. ಇಲ್ಲೆಲ್ಲ ನಡೆದದ್ದೇನು? ಸತ್ವವನ್ನು ಬೇರ್ಪಡಿಸುವದು, ಪ್ರಮಾಣವನ್ನು ನಿಶ್ಚಯಿಸುವದು, ನೂರಾರು ಜನರ ಮೇಲೆ ಪರೀಕ್ಷಿಸುವದು, ಅಪಾಯವನ್ನು ಬರೆದಿಡುವದು. ನಮ್ಮ ವೈದ್ಯರು ಶೋಧನ, ಮಾರಣ, ಮಾತ್ರೆ, ಅನುಪಾನ ಎಂದು ಹೇಳುವ ಶಿಸ್ತೂ ಇಂಥದೇ. ಪಾದರಸವನ್ನು ಶೋಧಿಸದೆ ಯಾವ ವೈದ್ಯನು ಕೊಟ್ಟಾನು?

ಡಬ್ಬಿಯ ಪುಡಿಯಲ್ಲಿ ಈ ಶಿಸ್ತು ಕಾಣದು. ರೀಶಿ ಅಣಬೆಯನ್ನೇ ತೆಗೆದುಕೊಳ್ಳಿರಿ. ಅದು ಕಟ್ಟಿಗೆಯಂತೆ ಗಟ್ಟಿ, ಬೇವಿನಂತೆ ಕಹಿ, ಪಲ್ಯಕ್ಕೆ ಬಾರದು. ಮಲೆನಾಡಿನ ತೋಟಿಗರು ಇದರ ಕುಲವನ್ನು ಚೆನ್ನಾಗಿ ಬಲ್ಲರು. ಅಡಿಕೆಯ ಮರದ ಬುಡದಲ್ಲಿ ಇದು ಹುಟ್ಟಿತೆಂದರೆ ಮರ ಹೋಯಿತೆಂದೇ ಲೆಕ್ಕ. ಅದಕ್ಕೆ ಅಣಬೆರೋಗವೆಂದೇ ಹೆಸರು. ಈ ಅಣಬೆಯನ್ನು ಕುರಿತು ಲೋಕದ ನಾನಾ ಕಡೆಯ ಪರೀಕ್ಷೆಗಳನ್ನು ತೂಗಿ ನೋಡುವ ಕಾಕ್ರೇನ್ ಎಂಬ ವೈದ್ಯಕೀಯ ಸಂಸ್ಥೆಯ ಪಂಡಿತರು ೨೦೧೫ರಲ್ಲಿ ಮಧುಮೇಹಿಗಳ ವಿಷಯವನ್ನು ವಿಚಾರಿಸಿದರು. ಐದು ಪರೀಕ್ಷೆಗಳು, ೩೯೮ ಜನ. ಅವರ ರಕ್ತದ ಸಕ್ಕರೆಯನ್ನಾಗಲಿ ಹೃದ್ರೋಗದ ಭಯವನ್ನಾಗಲಿ ತಗ್ಗಿಸಲು ಇದನ್ನು ಕೊಡಬೇಕೆನ್ನುವದಕ್ಕೆ ಆಧಾರವು ದೊರೆಯಲಿಲ್ಲ. ಅರ್ಬುದದ ವಿಷಯದಲ್ಲಿಯೂ ಇದನ್ನು ಮೊದಲ ಚಿಕಿತ್ಸೆಯಾಗಿ ಕೊಡುವದಕ್ಕೆ ಸಾಕಷ್ಟು ಆಧಾರವಿಲ್ಲವೆಂದೇ ಅವರು ನಿರ್ಣಯಿಸಿದರು. ಅಷ್ಟೇ ಅಲ್ಲ. ರಕ್ತವನ್ನು ತಿಳಿಯಾಗಿಡುವ ಔಷಧವನ್ನು ತೆಗೆದುಕೊಳ್ಳುವವರಿಗೆ ಇದರ ಕೂಡಿಕೆಯಿಂದ ರಕ್ತಸ್ರಾವವು ಹೆಚ್ಚಬಹುದೆಂದು ವೈದ್ಯರು ಎಚ್ಚರಿಸುವರು. ಪುಡಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತು ಕೆಟ್ಟ ವರದಿಗಳೂ ಇವೆ.

ಇಲ್ಲಿ ನಮ್ಮ ಸೀಮೆಯ ಒಬ್ಬ ಒಕ್ಕಲಿಗ ಭಕ್ತರ ಸಂಗತಿಯನ್ನು ಹೇಳಲೇಬೇಕು. ಹೆಸರೂ ಊರೂ ಬೇಡ. ಅವರಿಗೆ ಹಲವು ವರ್ಷಗಳ ಮಧುಮೇಹ. ಬೀಗರ ಪೈಕಿಯವರೊಬ್ಬರು ಬಂದು, ಇದನ್ನು ಮೂರು ತಿಂಗಳು ಕುಡಿಯಿರಿ, ಗುಳಿಗೆಗಳನ್ನು ಒಗೆಯಿರಿ ಎಂದು ಹೇಳಿ ಡಬ್ಬಿಗಳನ್ನು ಕೊಟ್ಟರು. ಬೆಲೆ ಎರಡು ಚೀಲ ಕಡಲೆಯಷ್ಟು. ಗುಳಿಗೆಗಳು ನಿಂತವು. ಮುಂದೆ ಹೊಲದಲ್ಲಿ ಅಂಗಾಲಿಗೆ ಒಂದು ಜಾಲಿಯ ಮುಳ್ಳು ಚುಚ್ಚಿತು. ಹುಣ್ಣಾಯಿತು, ಮಾಯಲಿಲ್ಲ, ಕೊನೆಗೆ ಆಸ್ಪತ್ರೆಯಲ್ಲಿ ಎರಡು ಬೆರಳುಗಳನ್ನು ಕಳೆದುಕೊಂಡು ಜೀವದಿಂದ ಉಳಿದರು. ಆ ಪುಡಿಯು ವಿಷವೆಂದು ನಾನು ಹೇಳುವದಿಲ್ಲ. ಪುಡಿಯು ಅವರ ಬೆರಳುಗಳನ್ನು ಕಳೆಯಲಿಲ್ಲ. ನಿಂತುಹೋದ ಗುಳಿಗೆಯು ಕಳೆಯಿತು. ಅಪಾಯವು ಇರುವದು ಹೀಗೆ, ಸಜ್ಜನರೇ! ಡಬ್ಬಿಯೊಳಗಿನ ವಸ್ತುವಿಗಿಂತ ಡಬ್ಬಿಯ ಕೂಡ ಬರುವ ಮಾತು ಹೆಚ್ಚು ಭಯಂಕರ.

ಸರಕಾರದ ಕಾಯಿದೆಯೂ ಈ ಭೇದವನ್ನು ತಿಳಿದೇ ಇದೆ. ೨೦೦೬ನೆಯ ಇಸವಿಯ ಆಹಾರಸುರಕ್ಷೆಯ ಕಾಯಿದೆಯಂತೆ ಇಂಥ ಪದಾರ್ಥಗಳು ಆಹಾರದ ವರ್ಗಕ್ಕೆ ಸೇರಿದವು. ಇಂಥಿಂಥ ರೋಗವನ್ನು ವಾಸಿಮಾಡುವೆವೆಂದು ಅವು ಹೇಳಿಕೊಳ್ಳಕೂಡದು. ಔಷಧವಾಗಿ ಉಪಯೋಗಿಸತಕ್ಕದ್ದಲ್ಲವೆಂದು ಡಬ್ಬಿಯ ಮೇಲೆಯೇ ಅಚ್ಚಾಗಿರಬೇಕೆಂದು ನಿಯಮವಿದೆ. ೧೯೫೪ರ ಇನ್ನೊಂದು ಕಾಯಿದೆಯು ಮಧುಮೇಹ, ಅರ್ಬುದ, ರಕ್ತದೊತ್ತಡ ಮೊದಲಾದ ರೋಗಗಳನ್ನು ಗುಣಪಡಿಸುವೆನೆಂದು ಜಾಹೀರಾತು ಕೊಡುವದನ್ನೇ ಅಪರಾಧವೆಂದು ಸಾರಿದೆ. ಆದರೆ ಆ ಅಚ್ಚು ಸಣ್ಣದು, ಇಂಗ್ಲೀಷಿನದು. ಮಾರುವವನ ಮಾತು ದೊಡ್ಡದು, ಕನ್ನಡದ್ದು. ಆದುದರಿಂದ ಶಾಲೆಗೆ ಹೋಗುವ ನಿಮ್ಮ ಮಕ್ಕಳ ಕೈಗೆ ಡಬ್ಬಿಯನ್ನು ಕೊಟ್ಟು ಆ ಒಂದು ಸಾಲನ್ನು ಓದಿಸಿರಿ.

ಹಾಗಾದರೆ ಕೊಂಡುಕೊಳ್ಳುವದೇ ಬೇಡ, ಕಪ್ಪತಗುಡ್ಡದಿಂದ ನಾವೇ ಕಿತ್ತು ತರುವೆವು ಎಂದು ಕೆಲವರು ಅನ್ನಬಹುದು. ಬಿಂಕದಕಟ್ಟಿಯ ಬದಿಯಿಂದ ಸಿಂಗಟಾಲೂರಿನ ತುಂಗಭದ್ರೆಯ ದಂಡೆಯವರೆಗೆ ಗದಗ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಹಬ್ಬಿರುವ ಆ ಗುಡ್ಡವು ಔಷಧಿಸಸ್ಯಗಳ ಭಂಡಾರವೆಂಬ ಕೀರ್ತಿಯನ್ನು ಪಡೆದಿದೆ. ಅದನ್ನು ಉಳಿಸುವದಕ್ಕಾಗಿ ಈ ಸೀಮೆಯ ಮಠಾಧೀಶರೂ ರೈತರೂ ಬೀದಿಗಿಳಿದದ್ದನ್ನು ನೀವು ಕಂಡಿರುವಿರಿ. ೨೦೧೯ರಲ್ಲಿ ಅದರ ಸುಮಾರು ೨೪೪ ಚದರ ಕಿಲೋಮೀಟರ್ ಪ್ರದೇಶವು ವನ್ಯಜೀವಿಧಾಮವೆಂದು ಘೋಷಿತವಾಯಿತು. ಅಲ್ಲಿಂದ ಅಪ್ಪಣೆಯಿಲ್ಲದೆ ಏನನ್ನೂ ಕಿತ್ತು ತರಬಾರದು. ಅದು ಹಾಗಿರಲಿ, ಹೊಲದ ಬದುವಿನಲ್ಲಿ, ಹಿತ್ತಿಲ ತಿಪ್ಪೆಯಲ್ಲಿ ಎದ್ದದ್ದನ್ನೂ ಗುರುತಿಲ್ಲದೆ ಮುಟ್ಟಬೇಡಿರಿ. ಬೆಳ್ಳಿಯ ನಾಣ್ಯ ಕಪ್ಪಾಗದಿದ್ದರೆ ಒಳ್ಳೆಯದು, ಹುಳು ತಿಂದಿದ್ದರೆ ಒಳ್ಳೆಯದು, ಬಿಳಿಯದಾದರೆ ಒಳ್ಳೆಯದು ಎಂಬ ಪರೀಕ್ಷೆಗಳೆಲ್ಲವೂ ಸುಳ್ಳು. ಇಲ್ಲಿ ಭಾವಮಿಶ್ರನ ಮಾತನ್ನೂ ನೆಚ್ಚಿ ನಡೆಯಲಾಗದು. ಲೋಕದ ಮಹಾವಿಷದ ಅಣಬೆಗಳಲ್ಲಿ ಬೆಳ್ಳಗಿನವೂ ಇವೆ. ಅವುಗಳ ವಿಷವು ಕುದಿಸಿದರೂ ಹೋಗದು. ತಿಂದ ಆರು ತಾಸುಗಳಿಗಿಂತ ಮೇಲೆ ವಾಂತಿಭೇದಿಗಳು ತೊಡಗಿ, ನಡುವೆ ಒಂದು ದಿನ ಗುಣವಾದಂತೆ ತೋರಿ, ಬಳಿಕ ಯಕೃತ್ತು ನಾಶವಾಗುವದು. ೨೦೨೨ರ ಎಪ್ರಿಲದಲ್ಲಿ ಅಸ್ಸಾಮದಲ್ಲಿ ಕಾಡಣಬೆಯನ್ನು ತಿಂದು ಹದಿಮೂರು ಜನರು ಮೃತರಾದರು. ಅವರಲ್ಲಿ ಬಹುಜನರು ಚಹದ ತೋಟದ ಬಡ ಕೂಲಿಕಾರರ ಮನೆಯವರು.

ಇಷ್ಟು ಕೇಳಿ, ಶಾಸ್ತ್ರಿಗಳು ಅಣಬೆಯ ಶತ್ರುಗಳೆಂದು ತಿಳಿಯಬಾರದು. ಅಣಬೆಯು ಒಳ್ಳೆಯ ಆಹಾರ. ಹಸಿಯ ಅಣಬೆಯಲ್ಲಿ ನೂರಕ್ಕೆ ತೊಂಬತ್ತು ಪಾಲು ನೀರು. ನೂರು ಗ್ರಾಮಿಗೆ ಎರಡು ಮೂರು ಗ್ರಾಮು ಪ್ರೋಟೀನು. ಬೇಳೆಗೆ ಅದು ಸಮನಲ್ಲ, ಬೇಳೆಯ ಬದಲಿಗೂ ಬಾರದು. ಆದರೆ ಸಕ್ಕರೆ, ಕೊಬ್ಬು ಬಹು ಕಡಿಮೆ. ನಾರುಂಟು, ಬಿ ವರ್ಗದ ಜೀವಸತ್ವಗಳುಂಟು. ಹೆಚ್ಚಿ ಮಧ್ಯಾಹ್ನದ ಬಿಸಿಲಿಗೆ ಅರ್ಧ ತಾಸು ಹರವಿದರೆ ಎಲುಬಿಗೆ ಬೇಕಾದ ಡಿ ಜೀವಸತ್ವವು ಅದರಲ್ಲಿಯೇ ಹುಟ್ಟುವದು. ನಮ್ಮ ಸೀಮೆಯಲ್ಲಿ ಬಿಸಿಲಿಗೇನು ಬರಗಾಲವೇ? ಪೂರಕ ಆಹಾರವೆಂಬ ಹೊಸ ಹೆಸರನ್ನು ಕೇಳಿ ಬೆರಗಾಗಬೇಕಿಲ್ಲ. ಜೋಳದ ರೊಟ್ಟಿಯ ಮಗ್ಗುಲಿಗೆ ಗುರೆಳ್ಳಿನ ಹಿಂಡಿ, ಅಗಸಿಯ ಹಿಂಡಿ, ಹಸಿಯ ಮೆಂತ್ಯದ ಸೊಪ್ಪು, ಮೊಸರು ಇವುಗಳನ್ನಿಟ್ಟ ನಮ್ಮ ತಾಯಂದಿರು ಪೂರಕ ಆಹಾರವನ್ನು ಎಂದೋ ಬಲ್ಲವರು. ಆ ಸಾಲಿನಲ್ಲಿ ಅಣಬೆಯ ಪಲ್ಯವೂ ಕೂಡ್ರಲಿ.

ಅದನ್ನು ಮನೆಯಲ್ಲಿಯೇ ಬೆಳೆಯಲೂ ಬಹುದು. ಚಿಪ್ಪಣಬೆಗೆ ಇಪ್ಪತ್ತರಿಂದ ಇಪ್ಪತ್ತೆಂಟು ಅಂಶದ ತಂಪು ಬೇಕು; ಮಳೆಗಾಲ ಚಳಿಗಾಲಗಳು ಅದಕ್ಕೆ ತಕ್ಕವು. ಹಾಲಣಬೆಯಾದರೆ ಮೂವತ್ತರಿಂದ ಮೂವತ್ತೈದು ಅಂಶದ ಸೆಕೆಯಲ್ಲಿಯೂ ಬರುವದರಿಂದ ನಮ್ಮ ಬಯಲುಸೀಮೆಗೆ ಹೆಚ್ಚು ಅನುಕೂಲ. ಹುಲ್ಲನ್ನು ಕತ್ತರಿಸಿ, ನೆನೆಯಿಟ್ಟು, ಬಿಸಿನೀರಿನಲ್ಲಿ ಶುದ್ಧಿಮಾಡಿ, ನೀರನ್ನು ಬಸಿದು ಆರಿಸಿ, ಅಣಬೆಯ ಬೀಜದೊಡನೆ ಪದರು ಪದರಾಗಿ ಚೀಲದಲ್ಲಿ ತುಂಬಿ ಕತ್ತಲೆಯ ಕೋಣೆಯಲ್ಲಿ ಇಡುವದು. ಹದಿನೈದು ಇಪ್ಪತ್ತು ದಿನಗಳಲ್ಲಿ ಬಿಳಿಯ ಎಳೆಗಳು ಹುಲ್ಲನ್ನೆಲ್ಲ ವ್ಯಾಪಿಸುವವು. ಅನಂತರ ಗಾಳಿ, ಮಂದ ಬೆಳಕು, ಗೋಡೆಗೆ ನೀರಿನ ಸಿಂಪರಣೆ. ಹಾಲಣಬೆಗೆ ಮೇಲೊಂದು ಪದರು ಶುದ್ಧಿಮಾಡಿದ ಮಣ್ಣು. ಒಣಹುಲ್ಲಿನ ತೂಕದ ಅರ್ಧದಷ್ಟು, ಚೆನ್ನಾಗಿ ಬಂದರೆ ಅದಕ್ಕೂ ಮಿಗಿಲು, ಹಸಿಯ ಅಣಬೆ ದೊರೆಯುವದು. ಆದರೆ ಬರದ ವರ್ಷದಲ್ಲಿ ಜೋಳದ ಕಣಿಕೆಯು ದನಗಳ ಬಾಯಿಗೆ ಮೀಸಲು, ಅದನ್ನು ಕಸಿಯಬಾರದು. ನದಿಯ ದಂಡೆಯ ಭತ್ತದ ಹುಲ್ಲು, ಗೋದಿಯ ಹೊಟ್ಟು, ಗೋವಿನಜೋಳದ ದಂಟು, ಇವುಗಳಲ್ಲಿ ದನಗಳಿಗೆ ಬೇಡವಾದದ್ದೇ ಸಾಕು. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ, ಧಾರವಾಡದ ಕೃಷಿ ವಿಶ್ವವಿದ್ಯಾಲಯಗಳಲ್ಲಿ ತಿಳಿದವರಿದ್ದಾರೆ, ಅವರನ್ನು ಕೇಳಿರಿ. ಬೀಜವನ್ನು ನಮ್ಮಲ್ಲಿಯೇ ಕೊಳ್ಳಿರಿ, ಬೆಳೆದದ್ದನ್ನೆಲ್ಲ ನಾವೇ ಕೊಳ್ಳುವೆವು ಎಂದು ಮುಂಗಡ ಹಣ ಕೇಳುವವರಿಂದ ದೂರವಿರಿ.

ಇನ್ನು ಒಟ್ಟಿನಲ್ಲಿ ನನ್ನ ವಿನಂತಿ ಇಷ್ಟೇ. ಅಣಬೆಯು ಶಾಕ, ತಿಳಿದವರು ಬೆಳೆದದ್ದನ್ನು, ತಾಜಾ ಇರುವಾಗ, ಚೆನ್ನಾಗಿ ಬೇಯಿಸಿ ಉಣ್ಣಿರಿ. ಡಬ್ಬಿಯ ಪುಡಿಯನ್ನು ಕೊಳ್ಳಲೇಬೇಕೆಂಬ ಮನಸ್ಸಾದರೆ ನಿಮಗೆ ಔಷಧ ಕೊಡುವ ವೈದ್ಯರಿಗೆ, ಅವರು ಡಾಕ್ಟರರಿರಲಿ ಆಯುರ್ವೇದದ ಪಂಡಿತರಿರಲಿ, ಮೊದಲು ತೋರಿಸಿರಿ. ಯಾರು ಏನೆಂದರೂ ನಡೆದಿರುವ ಔಷಧವನ್ನು ನೀವಾಗಿಯೇ ನಿಲ್ಲಿಸಬೇಡಿರಿ. ಗುರುತಿಲ್ಲದ್ದನ್ನು ತಿಂದು ಮನೆಯಲ್ಲಿ ಯಾರಿಗಾದರೂ ವಾಂತಿಯಾದರೆ, ಉಳಿದ ಅಣಬೆಯನ್ನೂ ತೆಗೆದುಕೊಂಡು ಕೂಡಲೇ ಆಸ್ಪತ್ರೆಗೆ ಹೋಗಿರಿ; ಗುಣವಾದಂತೆ ತೋರಿದರೂ ಮರಳಿ ಬರಬೇಡಿರಿ. ಮತ್ತು ಯಾರಾದರೂ ಶಾಸ್ತ್ರದ ಹೆಸರಿನಲ್ಲಿ ನಿಮಗೆ ಏನನ್ನಾದರೂ ಮಾರಬಂದರೆ, ಯಾವ ಗ್ರಂಥ, ಯಾವ ಅಧ್ಯಾಯ ಎಂದು ಕೇಳಿಕೊಂಡು ಶ್ರೀಮಠಕ್ಕೆ ಬನ್ನಿರಿ. ಗ್ರಂಥವನ್ನು ಬಿಚ್ಚಿ ಇದ್ದದ್ದನ್ನು ಇದ್ದಂತೆ ಓದಿ ಹೇಳುವದೇ ಪಾಠಶಾಲೆಯಲ್ಲಿ ನಮಗೆ ಕಲಿಸಿದ ಕಾಯಕ. ಅದಕ್ಕೆ ಬೆಲೆಯಿಲ್ಲ, ಡಬ್ಬಿಯೂ ಇಲ್ಲ.

ಶರೀರವು ಶಿವನು ಕೊಟ್ಟ ಪ್ರಸಾದ. ಅದನ್ನು ಮಾತಿನ ವ್ಯಾಪಾರಿಗಳ ಕೈಗೆ ಒಪ್ಪಿಸದೆ ಜೋಪಾನ ಮಾಡುವ ಬುದ್ಧಿಯು ಶ್ರೀಗುರುಕೃಪೆಯಿಂದ ನಮಗೆಲ್ಲರಿಗೂ ಉಂಟಾಗಲೆಂದು ಪ್ರಾರ್ಥಿಸುವೆನು.

ಮಂಗಲಮಸ್ತು.